ಹಳಿ, ಮರ, ಮೊಳೆ: ನಮ್ಮನೆ ಗೇಟ್ ಬಿದ್ದ ಮೇಲೆ ಕಲಿತಿದ್ದು

ಇದು ರೈಲ್ವೆ ಬಗ್ಗೆ ಲೇಖನ. ಆದ್ರೆ ಶುರುವಾಗೋದು ನಮ್ಮನೆ ಹಿತ್ತಲಿನ ಗೇಟ್‌ನಿಂದ. ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ, ಹಾಗಾಗಿ ಕನ್ನಡ ಅಲ್ಲಲ್ಲಿ ತಪ್ಪಿದ್ರೆ ಕ್ಲಬ್‌ನವರು ತಿದ್ದಿಕೊಳ್ಳಲಿ. ವಿಷಯ ಮಾತ್ರ ತಪ್ಪಿಲ್ಲ ಅಂತ ನಂಬಿದ್ದೀನಿ, ಯಾಕಂದ್ರೆ ಅದನ್ನ ಹೇಳಿಕೊಟ್ಟಿದ್ದು ನಮ್ಮ ಅಜ್ಜ. ಅವನು ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದವನು.

ನಮ್ಮೂರು ಹಗರಿಬೊಮ್ಮನಹಳ್ಳಿ ತಾಲ್ಲೂಕು. ಹೊಸಪೇಟೆಯಿಂದ ಮರಿಯಮ್ಮನಹಳ್ಳಿ, ಹಗರಿಬೊಮ್ಮನಹಳ್ಳಿ ದಾಟಿ ಕೊಟ್ಟೂರಿಗೆ ಹೋಗೋ ರೈಲು ಮಾರ್ಗ 1905ರದ್ದು. ಆಗ ಅದು ಮೀಟರ್ ಗೇಜ್, ಕೊಟ್ಟೂರಿಗೇ ಕೊನೆ. ಈಗ ಅದು ಬ್ರಾಡ್ ಗೇಜ್ ಆಗಿ, ಕೊಟ್ಟೂರಿನಿಂದ ಹರಪನಹಳ್ಳಿ ಮೇಲೆ ಹರಿಹರದವರೆಗೂ ಬೆಳೆದಿದೆ. ಕೂಡ್ಲಿಗಿ ಊರಿಗೂ ಹಡಗಲಿ ಊರಿಗೂ ರೈಲು ಇವತ್ತಿಗೂ ಇಲ್ಲ, ಆ ಕಡೆಯ ಫ್ರೆಂಡ್ಸ್ ಇದನ್ನ ಓದಿ ಬೈಕೋಬೇಡಿ.

ಮೀಟರ್ ಗೇಜ್ ಕಿತ್ತ ಮೇಲೆ ಹಳೇ ಮರದ ಸ್ಲೀಪರ್‌ಗಳು ಹರಾಜಾದವು. ನಮ್ಮ ಕಡೆ ಅವು ದನದ ಕೊಟ್ಟಿಗೆಯ ಕಂಬವಾಗಿ, ಬಾಗಿಲ ಹೊಸ್ತಿಲಾಗಿ, ಹೋಟೆಲ್ ಮುಂದಿನ ಬೆಂಚಾಗಿ ಇನ್ನೂ ಬದುಕಿವೆ. ನಮ್ಮ ಹಿತ್ತಲಲ್ಲೂ ನಾಲ್ಕು ಇದ್ದವು. ಒಂದೊಂದೂ ಆರು ಅಡಿ ಉದ್ದ. ಕೊರೊನಾ ಮುಗಿದ ಮೇಲಿನ ಒಂದು ರಜೆಯಲ್ಲಿ ನಾನು ಮತ್ತು ಚಿಗಪ್ಪ ಸೇರಿ ಒಂದನ್ನ ನೆಲದಲ್ಲಿ ಎರಡು ಅಡಿ ಹೂತು, ಅದಕ್ಕೆ ಎಂಟು ಅಡಿ ಅಗಲದ ಕಬ್ಬಿಣದ ಗೇಟ್ ಕೂರಿಸಿದ್ವಿ. ಬಿಜಾಗರಿಗೆ ದೊಡ್ಡ ಮೊಳೆ, ಸುತ್ತಿಗೆಯಿಂದ ಧಡಧಡ. ಕೆಲವು ಮೊಳೆ ಹಳೇ ತೂತಿಗೇ ಸಲೀಸಾಗಿ ಇಳಿದವು. ಕೆಲಸ ಸುಲಭ ಆಯ್ತು ಅಂತ ಖುಷಿಪಟ್ವಿ. ಎರಡು ತಿಂಗಳಿಗೆ ಗೇಟ್ ಬಿತ್ತು. ನನ್ನ ತಮ್ಮ ಅದರ ಮೇಲೆ ಕಾಲಿಟ್ಟು ತೂಗ್ತಾ ಇದ್ದ. ಪಕ್ಕಕ್ಕೆ ಹಾರಿದ್ದಕ್ಕೆ ಬರೀ ಹಿಮ್ಮಡಿ ಹರೀತು. ಕಾಲು ಒಳಗಿದ್ದಿದ್ರೆ ಏನಾಗ್ತಿತ್ತು ಅಂತ ಅಮ್ಮ ಇವತ್ತಿಗೂ ಹೇಳ್ತಾಳೆ, ನನ್ನ ಇಂಜಿನಿಯರಿಂಗ್ ಸೀಟಿನ ಮಾತು ಬಂದಾಗೆಲ್ಲ.

ಅಜ್ಜ ಬಂದು ಕಂಬ ನೋಡಿದ. ಬೈಯಲಿಲ್ಲ. ಹಳೇ ತೂತಿಗೆ ಕಿರುಬೆರಳು ಹಾಕಿ, "ಲೇ ತಮ್ಮಾ, ಇದು ಸತ್ತ ತೂತು. ಇದರಾಗ ಮೊಳೆ ನಿಲ್ಲಂಗಿಲ್ಲ" ಅಂದ.

ಸತ್ತ ತೂತು ಅಂದ್ರೆ ಏನು ಅಂತ ತಿಳಿಯಬೇಕಾದ್ರೆ ಮೊದಲು ಮರ ಮೊಳೆಯನ್ನ ಹೇಗೆ ಹಿಡಿಯುತ್ತೆ ನೋಡಬೇಕು. ಮರ ಅಂದ್ರೆ ಉದ್ದುದ್ದ ನಾರುಗಳ ಕಟ್ಟು. ಮೊಳೆ ಇಳಿಯುವಾಗ ನಾರುಗಳು ಕೆಳಕ್ಕೆ ಬಾಗಿ ಪಕ್ಕಕ್ಕೆ ಒತ್ತಿಕೊಳ್ತವೆ. ಒತ್ತಿದ ನಾರು ಸ್ಪ್ರಿಂಗ್ ಥರ ವಾಪಸ್ ಮೊಳೆಯನ್ನ ತಬ್ಬುತ್ತೆ. ಆ ಘರ್ಷಣೆಯೇ ಹಿಡಿತ. ಒಮ್ಮೆ ಮೊಳೆ ಕಿತ್ತು ಮತ್ತೆ ಹೊಡೆದ್ರೆ ನಾರು ಮುರಿದಿರುತ್ತೆ, ತಬ್ಬೋಕೆ ಯಾರೂ ಇಲ್ಲ. ರೈಲ್ವೆಯಲ್ಲಿ ಇದೇ ದೊಡ್ಡ ತಲೆನೋವು: ಪ್ರತಿ ಸಲ ಗೇಜ್ ಸರಿಮಾಡೋಕೆ ಮೊಳೆ ಕಿತ್ತು ಹೊಡೆದ ಹಾಗೆಲ್ಲ ಸ್ಲೀಪರ್‌ನ ಆಯಸ್ಸು ಕಮ್ಮಿ ಆಗ್ತದೆ. ಕೊಳೆತು ಸಾಯೋ ಸ್ಲೀಪರ್ ಇದ್ದ ಹಾಗೆ, ತೂತಿನಿಂದ ಸಾಯೋ ಸ್ಲೀಪರೂ ಇರ್ತದೆ.

ಹಳಿ ಕೂರಿಸೋ ಮೊಳೆಗೆ ಡಾಗ್ ಸ್ಪೈಕ್ ಅಂತ ಹೆಸರು. ತಲೆಯ ಎರಡೂ ಪಕ್ಕ ಕಿವಿ ಥರ ಚಾಚಿರುತ್ತೆ, ನಾಯಿ ಮುಖ ಕಂಡ ಹಾಗೆ. ಆ ಕಿವಿಗಳಿಗೆ ಹಾರೆ ಕೊಟ್ಟು ಕೀಳ್ತಾರೆ. ತಲೆಯ ಮುಂದಿನ ತುಟಿ ಹಳಿಯ ಪಾದದ ಮೇಲೆ ಕೂರುತ್ತೆ. ಮೈ ದುಂಡಗಿಲ್ಲ, ಚೌಕ. ತುದಿ ಚೂಪಾಗಿಯೂ ಇರಬಹುದು, ಮೊಂಡಾಗಿಯೂ ಇರಬಹುದು, ಉಳಿಯಂತೆ ಚಪ್ಪಟೆಯಾಗಿಯೂ ಇರಬಹುದು. ಉಳಿ ಥರದ ತುದಿಯಾದ್ರೆ ಅದರ ಅಂಚು ನಾರಿಗೆ ಅಡ್ಡವಾಗಿ ಇರಬೇಕು. ಆಗ ಅದು ನಾರನ್ನ ಕತ್ತರಿಸಿಕೊಂಡು ಇಳಿಯುತ್ತೆ. ನಾರಿನ ಉದ್ದಕ್ಕೆ ಇಟ್ಟು ಹೊಡೆದ್ರೆ ಸೌದೆ ಸೀಳಿದ ಹಾಗೆ ಸ್ಲೀಪರ್ ಎರಡು ಹೋಳು. ನಮ್ಮ ಒಣ ಬಿಸಿಲಲ್ಲಿ ಮರ ತಾನಾಗಿಯೇ ಬಿರುಕು ಬಿಡೋದ್ರಿಂದ ಈ ಭಯ ಇನ್ನೂ ಜಾಸ್ತಿ. ಅದಕ್ಕೇ ಸ್ಲೀಪರ್ ತುದಿಗಳಿಗೆ ಕಬ್ಬಿಣದ ಪಟ್ಟಿ ಬಿಗೀತಿದ್ರು.

ಹಳಿ ಹಾಕೋ ಮುಂಚೆ ಎರಡು ಕೆಲಸ. ಒಂದು, ಬಾಚಿಯಿಂದ ಹಳಿ ಕೂರೋ ಜಾಗ ಕೆತ್ತೋದು. ಹಳಿ ನೆಟ್ಟಗೆ ನಿಲ್ಲಲ್ಲ, ಒಳಕ್ಕೆ 20ಕ್ಕೆ 1ರಷ್ಟು ವಾಲಿರುತ್ತೆ, ಯಾಕಂದ್ರೆ ಗಾಲಿಯ ಮೇಲ್ಮೈಯೂ ಇಳಿಜಾರು. ಇನ್ನೊಂದು, ಬೈರಿಗೆಯಿಂದ ತೂತು ಕೊರೆಯೋದು. ತೂತು ಮೊಳೆಗಿಂತ ಸ್ವಲ್ಪ ಸಣ್ಣದು. ದೊಡ್ಡದಾದ್ರೆ ಹಿಡಿತ ಇಲ್ಲ, ಕೊರೆಯದೇ ಹೊಡೆದ್ರೆ ಗಟ್ಟಿ ಮರ ಸೀಳುತ್ತೆ. ತೇಗ, ಸಾಲ ಇಂಥ ಮರಗಳನ್ನ ಔಷಧಿ ಇಲ್ಲದೇ ಬಳಸ್ತಿದ್ರು. ಬೇಗ ಹುಳ ಹಿಡಿಯೋ ಮರವಾದ್ರೆ ಕ್ರಿಯೋಸೋಟ್ ಎಣ್ಣೆ ಕುಡಿಸಿ ಹಾಕ್ತಿದ್ರು. ಹಳೇ ಸ್ಲೀಪರ್ ಮುಟ್ಟಿದ್ರೆ ಕೈಗೆ ಬರೋ ಕಪ್ಪು ವಾಸನೆ ಅದೇ. (ಅದನ್ನ ಅಡಿಗೆ ಒಲೆಗೆ ಹಾಕಬೇಡಿ, ಹೊಗೆ ಒಳ್ಳೇದಲ್ಲ.)

ಈಗ ನನಗೆ ಬಹಳ ಇಷ್ಟವಾದ ಭಾಗ. ಒಂದು ಸ್ಲೀಪರ್‌ಗೆ ಎರಡು ಹಳಿ, ಕಡಿಮೆ ಅಂದ್ರೆ ನಾಲ್ಕು ಮೊಳೆ. ಪ್ರತಿ ಹಳಿಗೆ ಒಳಗಡೆ ಒಂದು, ಹೊರಗಡೆ ಒಂದು. ಇವನ್ನ ಎದುರುಬದುರು ಹೊಡೆಯಬಾರದು. ಹೊಡೆದ್ರೆ ಎರಡೂ ಒಂದೇ ನಾರಿನ ಸಾಲಿಗೆ ಬಿದ್ದು ಮರ ಸೀಳುತ್ತೆ. ಇಷ್ಟು ಯಾರಿಗಾದ್ರೂ ಹೊಳೆಯುತ್ತೆ. ಆದ್ರೆ ನಿಯಮ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತೆ: ಒಳಗಿನ ಎರಡೂ ಮೊಳೆ ಸ್ಲೀಪರ್‌ನ ಒಂದೇ ಅಂಚಿನ ಕಡೆ, ಹೊರಗಿನ ಎರಡೂ ಇನ್ನೊಂದು ಅಂಚಿನ ಕಡೆ. ಅಂದ್ರೆ ಒಳಗಿನವು ಹೊಸಪೇಟೆ ಕಡೆಗಿದ್ರೆ ಹೊರಗಿನವು ಕೊಟ್ಟೂರು ಕಡೆಗೆ.

ಯಾಕೆ ಅಂತ ಅಜ್ಜನನ್ನ ಕೇಳಿದೆ. "ಮೇಸ್ತ್ರಿ ಹಂಗ ಹೇಳಿದ್ದ, ಇಲ್ಲಂದ್ರ ಸ್ಲೀಪರ್ ತಿರುಗತಾವ" ಅಂದ. ಅಷ್ಟೇ. ನಾನು ಪೇಪರ್ ಮೇಲೆ ಬಿಡಿಸಿ ನೋಡಿದೆ, ನೀವೂ ನೋಡಿ. ಒಂದು ಪೆನ್ನನ್ನ ಹಳಿ ಅಂದುಕೊಳ್ಳಿ. ಎರಡು ಬೆರಳು ಅದರ ಎರಡು ಪಕ್ಕ, ಒಂದು ಸ್ವಲ್ಪ ಮೇಲೆ, ಒಂದು ಸ್ವಲ್ಪ ಕೆಳಗೆ. ಕೈಯನ್ನ ಒಂದು ಕಡೆ ತಿರುಗಿಸಿದ್ರೆ ಬೆರಳುಗಳು ಪೆನ್ನನ್ನ ಹಿಚುಕುತ್ತವೆ, ಇನ್ನೊಂದು ಕಡೆ ತಿರುಗಿಸಿದ್ರೆ ಬಿಟ್ಟುಬಿಡ್ತವೆ. ಸ್ಲೀಪರ್ ಮೇಲೆ ಎರಡು ಹಳಿ. ನಿಯಮದ ಪ್ರಕಾರ ಹೊಡೆದ್ರೆ ಎಡ ಹಳಿಯ ಜೋಡಿ ಬಲ ಹಳಿಯ ಜೋಡಿಗೆ ಕನ್ನಡಿಯ ಪ್ರತಿಬಿಂಬದ ಹಾಗೆ ಇರುತ್ತೆ. ಹಾಗಾಗಿ ಸ್ಲೀಪರ್ ಈ ಕಡೆ ತಿರುಗೋಕೆ ನೋಡಿದ್ರೆ ಎಡ ಹಳಿ ಹಿಡಿಯುತ್ತೆ, ಆ ಕಡೆ ತಿರುಗೋಕೆ ನೋಡಿದ್ರೆ ಬಲ ಹಳಿ ಹಿಡಿಯುತ್ತೆ. ಎರಡು ಜೋಡಿಯೂ ಒಂದೇ ಥರ ಇದ್ದಿದ್ರೆ ಒಂದು ದಿಕ್ಕಿಗೆ ಎರಡೂ ಒಟ್ಟಿಗೆ ಸಡಿಲ. ಒಂದು ಪೈಸೆ ಹೆಚ್ಚು ಖರ್ಚಿಲ್ಲ, ಅದೇ ನಾಲ್ಕು ಮೊಳೆ. ಸ್ಲೀಪರ್ ತಿರುಗಿದ್ರೆ ಏನು ಅಂತೀರಾ? ಓರೆಯಾದ ಸ್ಲೀಪರ್ ಎರಡು ಹಳಿಗಳನ್ನ ಹತ್ತಿರ ಎಳೆಯುತ್ತೆ, ಗೇಜ್ ಕೆಡುತ್ತೆ. ಮೀಟರ್ ಗೇಜ್‌ನಲ್ಲಿ ಹಳಿಗಳ ನಡುವೆ ಇರಬೇಕಾದ್ದು 1000 ಮಿಲಿಮೀಟರ್, ಬ್ರಾಡ್ ಗೇಜ್‌ನಲ್ಲಿ 1676.

ಮೊಳೆ ಹಳಿಯನ್ನ ಕೆಳಕ್ಕೆ ಒತ್ತಿ ಹಿಡಿಯುತ್ತೆ ಅಂತ ನಾನು ಅಂದುಕೊಂಡಿದ್ದೆ. ನಿಜವಾಗಿ ಅದರ ಮುಖ್ಯ ಕೆಲಸ ಬೇರೆ. ಹಳಿಯನ್ನ ಕೆಳಗೆ ಇಟ್ಟಿರೋದು ರೈಲಿನ ತೂಕ ಮತ್ತು ಹಳಿಯ ತೂಕ. ಮೊಳೆ ತಡೆಯೋದು ಪಕ್ಕಕ್ಕೆ ಜಾರೋದನ್ನ ಮತ್ತು ಮಗುಚೋದನ್ನ. ತಿರುವಿನಲ್ಲಿ ಗಾಲಿ ಹೊರಗಿನ ಹಳಿಯನ್ನ ಹೊರಕ್ಕೆ ತಳ್ಳುತ್ತೆ. ಜಾರೋದಕ್ಕೆ ಅಡ್ಡ ನಿಲ್ಲೋದು ಹೊರಗಿನ ಮೊಳೆ. ಮಗುಚೋದಾದ್ರೆ ಹಳಿ ಪಾದದ ಹೊರ ಅಂಚಿನ ಮೇಲೆ ತಿರುಗಿ ಒಳ ಅಂಚು ಏಳುತ್ತೆ, ಆಗ ಎಳೆತ ಬೀಳೋದು ಒಳಗಿನ ಮೊಳೆಗೆ.

ಲೆಕ್ಕ ಹಾಕೋಣ. ಮೀಟರ್ ಗೇಜ್‌ನಲ್ಲಿ ಬಳಕೆಯಲ್ಲಿದ್ದ 60 ಪೌಂಡ್ ಹಳಿ ಸುಮಾರು 114 ಮಿ.ಮೀ. ಎತ್ತರ, ಪಾದ 109 ಮಿ.ಮೀ. ಅಗಲ. ಗಾಲಿ ತಳ್ಳೋ ಜಾಗ ಪಾದದಿಂದ ಸುಮಾರು 100 ಮಿ.ಮೀ. ಮೇಲೆ ಅಂದುಕೊಳ್ಳಿ. ತೂಕ ಹಳಿಯ ನಡುವೆ ಬೀಳುತ್ತೆ, ಹೊರ ಅಂಚಿಗೆ ಸುಮಾರು 55 ಮಿ.ಮೀ. ಉದಾಹರಣೆಗೆ ಗಾಲಿಯ ತೂಕ 5 ಟನ್. ಉಳಿಸೋ ಮೊಮೆಂಟ್ 5×55, ಅಂದ್ರೆ 275. ಪಕ್ಕದ ತಳ್ಳು 2 ಟನ್ ಆದ್ರೆ ಮಗುಚೋ ಮೊಮೆಂಟ್ 200, ಮೊಳೆಗೆ ಕೆಲಸವೇ ಇಲ್ಲ. 3 ಟನ್ ಆದ್ರೆ 300. ಕೊರತೆ 25, ಅದನ್ನ 109ರಿಂದ ಭಾಗಿಸಿದ್ರೆ 0.23 ಟನ್, ಅಂದ್ರೆ ಸುಮಾರು 230 ಕೆಜಿ ಎಳೆತ. ಇದು ಅಕ್ಕಪಕ್ಕದ ಸ್ಲೀಪರ್‌ಗಳಿಗೂ ಹಂಚಿಕೆ ಆಗುತ್ತೆ ಅನ್ನೋದು ಬೇರೆ. ಗಮನಿಸಬೇಕಾದ್ದು ಇಷ್ಟು: ತಳ್ಳು ತೂಕದ ಶೇಕಡ 55 ದಾಟೋವರೆಗೆ ಮೊಳೆ ಸುಮ್ಮನಿರುತ್ತೆ, ದಾಟಿದ ಕ್ಷಣ ಎಲ್ಲಾ ಅದರ ತಲೆ ಮೇಲೆ. ಸತ್ತ ತೂತಿನ ಮೊಳೆ ವರ್ಷಗಟ್ಟಲೆ ಚೆನ್ನಾಗಿಯೇ ಕಾಣೋದು ಇದಕ್ಕೇ.

ನಮ್ಮ ಗೇಟ್ ಕೂಡ ಇದೇ ಲೆಕ್ಕ. ತೂಕ ಸುಮಾರು 60 ಕೆಜಿ, ಎಂಟು ಅಡಿ ಅಗಲ, ಭಾರಕೇಂದ್ರ ನಾಲ್ಕು ಅಡಿ ದೂರ. ಬಿಜಾಗರಿಗಳ ನಡುವೆ ಮೂರು ಅಡಿ. 60×4 ಭಾಗಿಸು 3, ಅಂದ್ರೆ ಮೇಲಿನ ಬಿಜಾಗರಿ ಮೇಲೆ 80 ಕೆಜಿ ನೇರ ಎಳೆತ, ಹಗಲೂ ರಾತ್ರಿ. ತುದಿಯಲ್ಲಿ 30 ಕೆಜಿಯ ಹುಡುಗ ತೂಗಿದ್ರೆ ಇನ್ನೂ 80. ರೈಲಿನ ಮೊಳೆಗೆ ಆಗಾಗ ಬರೋ ಕಷ್ಟವನ್ನ ನಾವು ನಮ್ಮ ಮೊಳೆಗೆ ಕಾಯಂ ಕೊಟ್ಟಿದ್ವಿ, ಅದೂ ಸತ್ತ ತೂತಲ್ಲಿ. ಈ ಲೆಕ್ಕವನ್ನ ನಾನು ಹಾಕಿದ್ದು ಎರಡನೇ ವರ್ಷದಲ್ಲಿ. ಗೇಟ್ ಬಿದ್ದಿದ್ದು ಪಿಯುಸಿಯಲ್ಲಿ.

ಡಾಗ್ ಸ್ಪೈಕ್‌ಗೆ ಇನ್ನೊಂದು ಸೋಲು ಇದೆ. ಗಾಲಿ ಬರೋ ಮುಂಚೆ, ಸ್ವಲ್ಪ ದೂರದಲ್ಲಿ ಹಳಿ ಅಲೆಯಂತೆ ಕೂದಲೆಳೆಯಷ್ಟು ಮೇಲೇಳುತ್ತೆ. ಪ್ರತಿ ಗಾಲಿಗೂ ಒಂದು ಎಳೆತ. ಮೊಳೆ ಸ್ವಲ್ಪ ಸ್ವಲ್ಪವೇ ಮೇಲೆ ಬಂದು ತುಟಿಗೂ ಪಾದಕ್ಕೂ ನಡುವೆ ಸಂದಿ ಬೀಳುತ್ತೆ. ಗ್ಯಾಂಗ್‌ನವರು ಬಂದು ಮತ್ತೆ ಹೊಡೀತಾರೆ, ತೂತು ಮತ್ತಷ್ಟು ಸಾಯುತ್ತೆ. ಸತ್ತ ತೂತಿಗೆ ಮದ್ದೂ ಇತ್ತು: ಗಟ್ಟಿ ಮರದ ಗೂಟವನ್ನ ಬಿಸಿ ಟಾರಿನಲ್ಲಿ ಅದ್ದಿ ತೂತಿಗೆ ಬಡಿದು ಮುಚ್ಚಿ, ಹೊಸದಾಗಿ ಕೊರೆಯೋದು. ಸುಮ್ಮನೆ ಬಿಟ್ರೆ ನೀರು ಇಳಿದು ಒಳಗಿಂದ ಕೊಳೆಯುತ್ತೆ.

ಮೊಳೆಗಿಂತ ಗಟ್ಟಿ ಹಿಡಿತಕ್ಕೆ ಸ್ಕ್ರೂ ಇದೆ. ಅದನ್ನ ಸ್ಪ್ಯಾನರ್‌ನಿಂದ ತಿರುಗಿಸಿ ಇಳಿಸಬೇಕು, ಸುತ್ತಿಗೆಯಿಂದ ಹೊಡೆದ್ರೆ ಎಳೆಗಳು ನಾರನ್ನ ಹರಿದುಹಾಕಿ ಅದು ಬರೀ ದುಬಾರಿ ಮೊಳೆ ಆಗ್ತದೆ. ಇನ್ನೂ ಭದ್ರ ಬೇಕಂದ್ರೆ ಫ್ಯಾಂಗ್ ಬೋಲ್ಟ್: ಸ್ಲೀಪರ್‌ನ ಆರಪಾರ ತೂತು, ಕೆಳಗೆ ಹಲ್ಲಿನ ನಟ್ಟು ಮರವನ್ನ ಕಚ್ಚಿರುತ್ತೆ. ಆಗ ಎಳೆತ ನಾರಿನ ಘರ್ಷಣೆ ಮೇಲೆ ಇರಲ್ಲ, ಇಡೀ ಮರದ ದಪ್ಪದ ಮೇಲೆ ಬೀಳುತ್ತೆ. ಹಳಿಯ ಪಾದ ಮರವನ್ನ ಕೊರೆಯದ ಹಾಗೆ ಮಧ್ಯೆ ಕಬ್ಬಿಣದ ಬೇರಿಂಗ್ ಪ್ಲೇಟ್ ಬೇರೆ.

ಈಗ ನೀವು ಹರಪನಹಳ್ಳಿ ಸ್ಟೇಷನ್‌ನಲ್ಲಿ ನಿಂತು ನೋಡಿದ್ರೆ ಸಿಗೋದು ಕಾಂಕ್ರೀಟ್ ಸ್ಲೀಪರ್, ಒಂದೊಂದೂ 250 ಕೆಜಿಗಿಂತ ಹೆಚ್ಚು. ಅದರ ಮೇಲೆ ಇಂಗ್ಲಿಷ್ ಇ ಅಕ್ಷರದ ಥರ ಬಾಗಿದ ಕ್ಲಿಪ್. 1950ರ ದಶಕದಲ್ಲಿ ನಾರ್ವೆಯ ಪೆರ್ ಪಾಂಡೆ-ರೋಲ್ಫ್‌ಸನ್ ಇದನ್ನ ಕಂಡುಹಿಡಿದ; ಪ್ಯಾಂಡ್ರೋಲ್ ಅನ್ನೋ ಹೆಸರು ಬಂದಿದ್ದು ಅವನ ಹೆಸರಿನಿಂದಲೇ. ಒಂದೊಂದು ಕ್ಲಿಪ್ಪೂ ಹಳಿಯ ಪಾದವನ್ನ ಸುಮಾರು 850ರಿಂದ 1100 ಕೆಜಿ ಬಲದಲ್ಲಿ ಒತ್ತಿ ಹಿಡಿಯುತ್ತೆ. ಹಳಿ ಎದ್ರೆ ಕ್ಲಿಪ್ಪೂ ಜೊತೆಗೇ ಏಳುತ್ತೆ, ಇಳಿದ್ರೆ ಇಳಿಯುತ್ತೆ, ಹಿಡಿತ ಬಿಡಲ್ಲ. ಮೊಳೆಗೆ ಇಲ್ಲದಿದ್ದ ಗುಣ ಇದೇ. ಕಾಡಿನ ಮರಗಳೂ ಬಚಾವ್. ಅಜ್ಜನಿಗೆ ಮಾತ್ರ ಇದು ಅಷ್ಟು ಹಿಡಿಸಿಲ್ಲ. "ಕಾಂಕ್ರೀಟ್ ಮಾತಾಡಂಗಿಲ್ಲ" ಅಂತಾನೆ. ಮರದ ಸ್ಲೀಪರ್ ಮೇಲೆ ಮೊಳೆ ಸಡಿಲಾದ್ರೆ ಸುತ್ತಿಗೆ ತಾಗಿಸಿದಾಗ ಸದ್ದು ಬದಲಾಗ್ತಿತ್ತಂತೆ. ಬಿಗಿ ಇದ್ರೆ ಠಣ್, ಸಡಿಲ ಇದ್ರೆ ದಡ್.

ನಮ್ಮ ಗೇಟ್‌ನ ಅಜ್ಜ ಎರಡು ದಿನದಲ್ಲಿ ಎಬ್ಬಿಸಿದ. ಹಳೇ ತೂತುಗಳಿಗೆ ಟಾರು ಹಚ್ಚಿದ ಗೂಟ ಬಡಿದ. ಹೊಸ ಜಾಗದಲ್ಲಿ, ಒಂದೇ ನಾರಿನ ಸಾಲಿಗೆ ಬೀಳದ ಹಾಗೆ ಓರೆಯಾಗಿ ಗುರುತು ಹಾಕಿ ನನ್ನ ಕೈಗೆ ಬೈರಿಗೆ ಕೊಟ್ಟ. ಆರಪಾರ ಕೊರೆಯೋಕೆ ಒಂದು ತೂತಿಗೆ ಅರ್ಧ ಗಂಟೆ ಹಿಡೀತು, ಅಂಗೈಯಲ್ಲಿ ಬೊಬ್ಬೆ. ಮೊಳೆ ಬದಲು ಬೋಲ್ಟ್, ಹಿಂದೆ ಕಬ್ಬಿಣದ ಪಟ್ಟಿ, ನಟ್ಟು. ಎಲ್ಲಾ ಮುಗಿದ ಮೇಲೆ ಸುತ್ತಿಗೆಯಿಂದ ಒಂದೊಂದೇ ಬೋಲ್ಟ್ ತಟ್ಟಿ, ಕಿವಿ ಹತ್ತಿರ ತಂದು ಕೇಳಿದ. ಅವನಿಗೆ ಈಗ ಕಿವಿ ಅಷ್ಟಾಗಿ ಕೇಳಲ್ಲ. ಮೂರನೆಯದಕ್ಕೆ ನನ್ನ ಮುಖ ನೋಡಿ, "ಇದು ಏನಂತು?" ಅಂದ.

"ಠಣ್ ಅಂತು ಅಜ್ಜ" ಅಂದೆ.

"ಇನ್ನೊಂದು ಸುತ್ತು ಬಿಗಿ" ಅಂದ.