ಹಗ್ಗ ತಿಂದ ಕಡಗೋಲು

ಮನೆಗೆ ಬಂದವರಿಗೆ ನಾನು ಕೂಡಿಟ್ಟ ಹಳೆಯ ಸಾಮಾನು ತೋರಿಸಿದರೆ ಹೆಚ್ಚಿನವರು ಕೇಳುವುದು ಎರಡೇ ಪ್ರಶ್ನೆ. ಎಷ್ಟು ವರ್ಷದ್ದು? ಈಗ ಮಾರಿದರೆ ಎಷ್ಟು ಬರುತ್ತದೆ? ನಾನು ಮಾತ್ರ ಯಾವುದೇ ವಸ್ತುವನ್ನು ಕೈಗೆತ್ತಿಕೊಂಡ ಕೂಡಲೇ ಕೇಳಿಕೊಳ್ಳುವುದು ಬೇರೆ: ಇದರಲ್ಲಿ ಯಾರು, ಏನು ಕೆಲಸ ಮಾಡುತ್ತಿದ್ದರು? ಮಲೆನಾಡಿನ ಅಟ್ಟಗಳಲ್ಲಿ, ಗುಜರಿ ಅಂಗಡಿಗಳಲ್ಲಿ, ಕೆಡವಲು ಹೊರಟ ಹಳೆ ಮನೆಗಳ ಅಂಗಳದಲ್ಲಿ ವರ್ಷಗಟ್ಟಲೆ ಅಲೆದು ನಾನು ಕಲಿತ ವಿದ್ಯೆಯೆಲ್ಲ ಈ ಪ್ರಶ್ನೆಯಲ್ಲಿದೆ. ಬಳಕೆ ಗೊತ್ತಾದರೆ ಅಸಲಿ ಯಾವುದು, ನಕಲಿ ಯಾವುದು ಎಂದು ತಿಳಿಯುತ್ತದೆ. ಹೇಗೆ ತೊಳೆಯಬೇಕು, ಎಲ್ಲಿಡಬೇಕು ಎಂಬುದೂ ತಿಳಿಯುತ್ತದೆ. ಯಾವುದನ್ನು ಕೇಳದೆ ಕೈಮುಗಿದು ಬಿಟ್ಟುಬರಬೇಕು ಎಂಬುದೂ ತಿಳಿಯುತ್ತದೆ.

ಕಡಗೋಲನ್ನೇ ನೋಡಿ. ಕಂಬಕ್ಕೆ ಬಿಗಿದು, ಹಗ್ಗ ಸುತ್ತಿ, ಎರಡೂ ಕೈಯಲ್ಲಿ ಎಳೆದೆಳೆದು ಮೊಸರು ಕಡೆದ ಕಡಗೋಲಿನ ದಂಡದಲ್ಲಿ ಹಗ್ಗ ಸುತ್ತುವ ಜಾಗ ಸವೆದು ಸೊಂಟ ಮೂಡಿರುತ್ತದೆ. ಬೆರಳಾಡಿಸಿದರೆ ಅಷ್ಟು ಜಾಗ ಮಾತ್ರ ನುಣ್ಣಗೆ, ಹೊಳಪಾಗಿ ಸಿಗುತ್ತದೆ. ಅದರ ಮೇಲೆ, ಕಂಬದ ಬಳೆಗೆ ತಾಗಿ ತಿರುಗುವ ಕಡೆ ಇನ್ನೊಂದು ತೆಳ್ಳನೆಯ ಗೀರು. ಕೆಳಗೆ, ಪಾತ್ರೆಯ ತಳಕ್ಕೆ ತಾಗುವ ಎಸಳುಗಳ ಅಂಚು ಉರುಟಾಗಿರುತ್ತದೆ, ಬೆಣ್ಣೆಯ ಜಿಡ್ಡು ಕುಡಿದ ಮರ ಅಲ್ಲಿ ಕಪ್ಪಿಟ್ಟಿರುತ್ತದೆ. ನನ್ನಲ್ಲಿರುವ ಒಂದು ಕಡಗೋಲಿನ ಸೊಂಟ ಸ್ವಲ್ಪ ಓರೆ. ಕಡೆಯುತ್ತಿದ್ದವರ ಒಂದು ಕೈಯ ಎಳೆತ ಇನ್ನೊಂದಕ್ಕಿಂತ ಬಿರುಸಾಗಿತ್ತು ಎಂದು ನಾನು ಅಂದುಕೊಂಡಿದ್ದೇನೆ. ಷೋಕೇಸಿಗೆಂದೇ ಮಾಡಿ ‘ಆಂಟಿಕ್’ ಎಂದು ಮಾರುವ ಕಡಗೋಲುಗಳೂ ಪೇಟೆಯಲ್ಲಿವೆ. ಅವಕ್ಕೆ ಬುಡದಿಂದ ತುದಿವರೆಗೆ ಒಂದೇ ಕಪ್ಪು ಬಣ್ಣ, ಸೊಂಟವೇ ಇಲ್ಲ. ಮೊಸರನ್ನೇ ಮುಟ್ಟದ ಕಡಗೋಲಿಗೆ ಸೊಂಟ ಎಲ್ಲಿಂದ ಬರಬೇಕು?

ಸವೆತ ಎಲ್ಲ ಕಡೆ ಸಮನಾಗಿದ್ದರೆ ಅನುಮಾನಪಡಿ ಎಂದು ಹೊಸದಾಗಿ ಈ ಹವ್ಯಾಸಕ್ಕೆ ಬಿದ್ದವರಿಗೆ ನಾನು ಹೇಳುವುದು ಇದಕ್ಕೇ. ದುಡಿದ ವಸ್ತು ದುಡಿದ ಜಾಗದಲ್ಲೇ ಸವೆಯುತ್ತದೆ. ಅಡಕತ್ತರಿಯಾದರೆ ಅಲಗಿನ ನಡುವೆ, ಅಂಗೈ ಒತ್ತುವ ಹಿಡಿಯಲ್ಲಿ. ಚನ್ನೆಮಣೆಯ ಹದಿನಾಲ್ಕು ಗುಳಿಗಳಲ್ಲಾದರೆ ಆಟಗಾರರ ಬೆರಳು ಇಳಿದು ಕಾಳು ಬಾಚುವ ಬದಿಯ ಅಂಚಿನಲ್ಲಿ. ಭತ್ತ ಅಳೆಯುವ ಕೊಳಗವಾದರೆ ರಾಶಿಗೆ ಇಳಿಸುವ ಬಾಯಿಯಲ್ಲಿ, ಕೋಲಾಡಿಸಿ ಮಟ್ಟ ಮಾಡುವ ಅಂಚಿನಲ್ಲಿ. ಕೊಳಗ, ಸೇರು, ಪಾವುಗಳೆಲ್ಲ ಮೆಟ್ರಿಕ್ ಅಳತೆ ಬಂದ ಮೇಲೆ ಕೆಲಸ ಕಳೆದುಕೊಂಡವು. 1956ರ ಕಾಯ್ದೆ ಊರೂರಿನ ಅಂಗಡಿಗಳಲ್ಲಿ ಮೆಲ್ಲಗೆ ಜಾರಿಯಾಗುತ್ತ ಬಂದಂತೆ ಅವು ಅಟ್ಟ ಸೇರಿದವು, ಅಟ್ಟದಿಂದ ಗುಜರಿಗೆ ಬಂದವು. ಇವತ್ತಿಗೂ ಹಿತ್ತಾಳೆಯ ಸೇರು ಗುಜರಿಯಲ್ಲಿ ತೂಕದ ಲೆಕ್ಕದಲ್ಲೇ ಸಿಗುತ್ತದೆ.

ಲೋಹದ ಮಾತು ಬೇರೆ. ಬೆಂಗಳೂರಿನ ಚಿಕ್ಕಪೇಟೆಯ ಸಂಡೇ ಬಜಾರಿನಲ್ಲಿ ಬೆಳಿಗ್ಗೆ ಬೇಗ ಹೋದವರಿಗೆ ಒಳ್ಳೆಯ ಮಾಲು ಸಿಗುವುದುಂಟು, ಆಸಿಡ್ ಹಾಕಿ ಮುಪ್ಪು ಬರಿಸಿದ ಮಾಲೂ ಸಿಗುತ್ತದೆ. ಆಸಿಡ್ಡಿನ ಕಿಲುಬು ಮೈಯೆಲ್ಲ ಒಂದೇ ಹಸಿರು. ಕಾಲ ಕಟ್ಟಿದ ಕಿಲುಬು ಕೈ ಹೋಗದ ಸಂದಿಯಲ್ಲಿ, ಬಳ್ಳಿಯ ಕೆತ್ತನೆಯ ಮೂಲೆಯಲ್ಲಿ, ತಳದ ಒಳಮೈಯಲ್ಲಿ ಕೂತಿರುತ್ತದೆ. ತಾಮ್ರದ ಹಂಡೆ ಕೊಳ್ಳುವಾಗ ನಾನು ಹೊರಗಿನ ಹೊಳಪು ನೋಡುವುದಿಲ್ಲ, ಬೆಸುಗೆ ಹುಡುಕುತ್ತೇನೆ. ಬಡಿದು ಮಾಡಿದ ಹಳೆಯ ಹಂಡೆಯಲ್ಲಿ ತಗಡಿನ ಎರಡು ಅಂಚನ್ನು ಹಲ್ಲು ಹಲ್ಲಾಗಿ ಕತ್ತರಿಸಿ, ಒಂದರೊಳಗೊಂದು ಕೂರಿಸಿ ಬೆಸೆದ ಗೆರೆ ಕಾಣುತ್ತದೆ. ಬೆಳಕಿಗೆ ಹಿಡಿದರೆ ಸುತ್ತಿಗೆಯ ಪೆಟ್ಟಿನ ಸಾಲುಗಳು ತಳದಿಂದ ಮೇಲಕ್ಕೆ ಸುತ್ತು ಹಾಕಿಕೊಂಡು ಹೋಗಿರುತ್ತವೆ. ಯಂತ್ರದ ಪಾತ್ರೆಗೆ ಬೆಸುಗೆಯೂ ಇಲ್ಲ, ಪೆಟ್ಟೂ ಇಲ್ಲ.

ಗೊಂಬೆಗಳಲ್ಲಿ ನನಗೆ ಅತಿ ಪ್ರೀತಿ ಕೊಪ್ಪಳದ ಹತ್ತಿರದ ಕಿನ್ನಾಳದ ಗೊಂಬೆಗಳ ಮೇಲೆ. ಅಲ್ಲಿನ ಚಿತ್ರಗಾರರ ಮನೆಯಲ್ಲಿ ಕೂತು ಕೆಲಸ ನೋಡಿದ ಮೇಲೆ ಹಳೆಯ ಗೊಂಬೆಯನ್ನು ಓದುವುದು ಬಂತು. ಹಗುರ ಮರದಲ್ಲಿ ಕೈ, ಕಾಲು, ಮೈ ಬೇರೆ ಬೇರೆ ಕಡೆದು ಹುಣಸೆ ಬೀಜದ ಅಂಟಿನಲ್ಲಿ ಜೋಡಿಸುತ್ತಾರೆ. ಸೆಣಬಿನ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಗರಗಸದ ಹೊಟ್ಟು ಮತ್ತು ಅದೇ ಅಂಟಿನೊಂದಿಗೆ ಕಲಸಿದರೆ ಕಿಟ್ಟ. ಅದನ್ನು ಮೈಗೆಲ್ಲ ಕೈಯಲ್ಲೇ ಮೆತ್ತುತ್ತಾರೆ. ಅದರ ಮೇಲೆ ಹತ್ತಿ ಬಟ್ಟೆಯ ತುಂಡುಗಳು, ಬಟ್ಟೆಯ ಮೇಲೆ ಕಲ್ಲಿನ ಪುಡಿಯ ಬಿಳಿ ಲೇಪ, ಕೊನೆಗೆ ಬಣ್ಣ. ದೇವರ ಒಡವೆಗಳನ್ನೂ ಕಲ್ಲುಪುಡಿ, ಅಂಟು ಬೆರೆಸಿ ಉಬ್ಬಿಸಿಯೇ ಬರೆಯುವುದು. ಹೀಗಾಗಿ ಹಳೆಯ ಗೊಂಬೆಯ ಮೊಣಕೈ ಚಕ್ಕೆ ಎದ್ದಿದ್ದರೆ ನನಗೆ ಖುಷಿಯೇ. ಆ ಚಕ್ಕೆಯ ಅಂಚಿನಲ್ಲಿ ಬಣ್ಣ, ಬಿಳಿ, ಬಟ್ಟೆಯ ನೂಲು, ಕಂದು ಕಿಟ್ಟ, ಮರ ಎಲ್ಲವೂ ಪದರ ಪದರವಾಗಿ ಕಾಣುತ್ತವೆ. ಮಾರುವವರು ಎಷ್ಟೋ ಸಲ ಬೆಲೆ ಹೆಚ್ಚಲೆಂದು ಆ ಗಾಯಕ್ಕೆ ಎನಾಮಲ್ ಪೇಂಟ್ ಬಳಿದುಬಿಡುತ್ತಾರೆ. ಅಂಥ ಗೊಂಬೆಗಿಂತ ಗಾಯವಿರುವ ಗೊಂಬೆಗೆ ಹೆಚ್ಚು ಹಣ ಕೊಡಲು ನಾನು ಸಿದ್ಧ.

ಬಳಕೆಯನ್ನು ತಿಳಿಯಲು ಪುಸ್ತಕಕ್ಕಿಂತ ಹಿರಿಯರು ಬೇಕು, ಅದರಲ್ಲೂ ಹೆಂಗಸರು. ಹರಾಜಿಗೆ ಬಂದ ಮನೆಯೊಂದರ ಅಂಗಳದಲ್ಲಿ ಶಾವಿಗೆ ಒರಳೊಂದು ಬಿದ್ದಿತ್ತು. ದಪ್ಪ ಮರದ ಚೌಕಟ್ಟು, ನಡುವೆ ಹಿತ್ತಾಳೆಯ ತೂತಿನ ಬಿಲ್ಲೆ. ಜತೆಗೆ ಬಂದಿದ್ದ ದೊಡ್ಡಮ್ಮ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, ಬಿಲ್ಲೆಯನ್ನು ಹೆಬ್ಬೆರಳಲ್ಲಿ ಒರೆಸಿ ಕೇಳಿದರು: “ಇದರ ಒನಕೆ ಎಲ್ಲಿ ಹೋಯ್ತೋ? ಒನಕೆ ಇಲ್ದೆ ಬರೀ ಒರಳು ತಗೊಂಡು ಹೋಗಿ ಏನ್ ಮಾಡ್ತಿ?” ಮಾರುವವರಿಗೆ ಅದು ಗೊತ್ತೇ ಇರಲಿಲ್ಲ. ದೊಡ್ಡಮ್ಮ ತಾವೇ ಎದ್ದು ಹಿತ್ತಿಲ ಕಡೆ ಹೋಗಿ ಸೌದೆ ರಾಶಿಯಲ್ಲಿ ಹುಡುಕಿ ಒನಕೆಯನ್ನು ಎಳೆದು ತಂದರು. ತುದಿ ತೂತಿಗೆ ಸರಿಯಾಗಿ ಕೂತಿತು. ಆಮೇಲೆ ಅಂಗಳದಲ್ಲೇ ಪಾಠ: ಅಕ್ಕಿ ಹಿಟ್ಟಿನ ಮುದ್ದೆ ಬಿಸಿ ಇರುವಾಗಲೇ ಒತ್ತಬೇಕು, ಆರಿದರೆ ಇಳಿಯುವುದಿಲ್ಲ. ಒನಕೆಯ ಮೇಲೆ ಭಾರ ಹಾಕಲು ಮನೆಯ ಗಂಡು ಹುಡುಗರನ್ನು ಕರೆಯುತ್ತಿದ್ದರು. ಕೆಳಗೆ ಎಳೆ ಹಿಡಿಯುವವರು ಬಾಳೆ ಎಲೆಯನ್ನು ತಿರುಗಿಸುತ್ತ ಇರಬೇಕು, ಇಲ್ಲದಿದ್ದರೆ ಎಳೆಗಳು ಒಂದರ ಮೇಲೊಂದು ಬಿದ್ದು ಮುದ್ದೆಯಾಗುತ್ತವೆ. ಈ ಮಾತುಗಳನ್ನು ಅಂದೇ ರಾತ್ರಿ ಬರೆದಿಟ್ಟೆ. ನನಗೆ ಆ ಒರಳಿನಷ್ಟೇ ಬೆಲೆಯುಳ್ಳದ್ದು ಆ ಹಾಳೆ.

ಆಗಿನಿಂದ ಪ್ರತಿ ವಸ್ತುವಿಗೂ ನೋಟ್‌ಬುಕ್ಕಿನಲ್ಲಿ ಒಂದು ಪುಟ. ಯಾವ ಊರು, ಯಾವ ಕೆಲಸಕ್ಕೆ, ಆ ಮನೆಯಲ್ಲಿ ಏನೆಂದು ಕರೆಯುತ್ತಿದ್ದರು, ಯಾರು ಬಳಸುತ್ತಿದ್ದರು, ಯಾವ ಹಬ್ಬಕ್ಕೆ ಹೊರಗೆ ಬರುತ್ತಿತ್ತು, ಏನು ಮುರಿದಿತ್ತು, ಯಾರು ರಿಪೇರಿ ಮಾಡಿದರು. ವಸ್ತುವಿಗೆ ನಂಬರಿನ ಚೀಟಿಯನ್ನು ನೂಲಿನಲ್ಲಿ ಕಟ್ಟುತ್ತೇನೆ. ಅಂಟಿಸುವ ಸ್ಟಿಕ್ಕರ್ ಬಣ್ಣವನ್ನು ಕಿತ್ತುಕೊಂಡು ಬರುತ್ತದೆ, ಬೇಡ.

ನಮ್ಮಲ್ಲಿ ದೊಡ್ಡವರು ಈ ಕೆಲಸವನ್ನು ಎಷ್ಟು ದೊಡ್ಡದಾಗಿ ಮಾಡಿದ್ದಾರೆ ಎಂದು ನೋಡಬೇಕಾದರೆ ಮೈಸೂರಿನ ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸ ಅರಮನೆಗೆ ಹೋಗಬೇಕು. 1968ರಲ್ಲಿ ಶುರುವಾದ ಅಲ್ಲಿನ ಜಾನಪದ ವಸ್ತುಸಂಗ್ರಹಾಲಯಕ್ಕಾಗಿ ಕಲಾವಿದ ಪಿ.ಆರ್. ತಿಪ್ಪೇಸ್ವಾಮಿ ಹಳ್ಳಿಹಳ್ಳಿ ಅಲೆದರು. ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕದಲ್ಲಿ ಲೋಕಮಾತಾ ಮಂದಿರ ಎಂಬ ವಿಭಾಗವೇ ಇದೆ. ಮಡಕೆ, ಒರಳು, ಬುಟ್ಟಿಗಳಿಗೆ ಅಲ್ಲಿ ಸಿಕ್ಕಿರುವ ಮರ್ಯಾದೆ ನೋಡಿದರೆ ಎದೆ ತುಂಬುತ್ತದೆ. ಮಣಿಪಾಲದ ವಿಜಯನಾಥ ಶೆಣೈ ಅವರದು ಇನ್ನೂ ಒಂದು ಹೆಜ್ಜೆ ಮುಂದೆ. ಕೆಡವಲು ಹೊರಟ ಮನೆಗಳ ಕಂಬ, ತೊಲೆ, ಬಾಗಿಲುಗಳನ್ನು ಬಿಡಿಬಿಡಿಯಾಗಿ ತಂದು ಮನೆಗಳನ್ನೇ ಮತ್ತೆ ನಿಲ್ಲಿಸಿದರು. ಕುಕನೂರಿನ ಕಮಲ ಮಹಲ್ ಇವತ್ತು ಅವರ ಹಸ್ತಶಿಲ್ಪ ಹೆರಿಟೇಜ್ ವಿಲೇಜಿನಲ್ಲಿ ಇದೆ. ಬಾಗಿಲನ್ನು ಗೋಡೆಗೆ ಒರಗಿಸಿದ್ದಕ್ಕೂ ಅದು ಮನೆಗೆ ಬಾಗಿಲಾಗಿ ನಿಂತದ್ದಕ್ಕೂ ಇರುವ ಅಂತರವನ್ನು ನಾನು ಅಲ್ಲಿ ಕಂಡೆ.

ಇನ್ನು ಬಿಟ್ಟುಬರಬೇಕಾದ ವಸ್ತುಗಳು. ಸಾಗರದ ಕಡೆ ದೀವರು ಸಮುದಾಯದ ಮನೆಗಳಲ್ಲಿ ದಸರೆ ಕಳೆದ ಮೇಲೆ ಭೂಮಿ ಹುಣ್ಣಿಮೆಗೆಂದು ಬುಟ್ಟಿಗಳು ಸಿದ್ಧವಾಗುತ್ತವೆ. ಬಿದಿರಿನ ಬುಟ್ಟಿಗೆ ಸಗಣಿ ಬಳಿದು, ಕೆಮ್ಮಣ್ಣು ಹಚ್ಚಿ, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಪುಂಡಿ ನಾರಿನ ಕುಂಚದಿಂದ ಚಿತ್ತಾರ ಬರೆಯುತ್ತಾರೆ. ದೊಡ್ಡದು ಭೂಮಣ್ಣಿ ಬುಟ್ಟಿ, ಚಿಕ್ಕದು ಅಚ್ಚಂಬಲಿ ಬುಟ್ಟಿ. ಹಬ್ಬದ ನಸುಕಿನಲ್ಲಿ ಅಡುಗೆಯನ್ನು ಇವುಗಳಲ್ಲಿ ಹೊತ್ತು ಗದ್ದೆಗೆ ಹೋಗಿ, ಬಸುರಿ ಭೂಮಿಗೆ ಎಡೆ ಇಟ್ಟು ಬೀರುತ್ತಾರೆ. ಮೂಲೆಯಲ್ಲಿ ತೂಗುಹಾಕಿದ್ದ, ಮಸಿ ಹಿಡಿದ ಒಂದು ಭೂಮಣ್ಣಿ ಬುಟ್ಟಿಯನ್ನು ನಾನು ನೋಡುತ್ತಲೇ ನಿಂತಾಗ ಆ ಮನೆಯ ಹಿರಿಯಾಕೆ ಅಂದರು: “ಅದನ್ನು ಮಾತ್ರ ಕೇಳಬ್ಯಾಡಿ. ವರ್ಷ ವರ್ಷ ಗದ್ದೆಗೆ ಹೊತ್ತ ಬುಟ್ಟಿ ಅದು. ನಿಮಗೆ ಬೇಕಾದ್ರೆ ಒಂದು ಹೊಸದು ಬರ್ಕೊಡ್ತೀನಿ.” “ಬರ್ಕೊಡಿ ಅಮ್ಮಾ, ಕಾಯ್ತೀನಿ” ಎಂದೆ. ಅವರು ಕೂತು ಬರೆದರು. ಕೈ ಎಲ್ಲೂ ನಿಲ್ಲಲಿಲ್ಲ, ಗೆರೆ ಎಲ್ಲೂ ಅಳುಕಲಿಲ್ಲ, ಅಳತೆಗೆ ಏನೂ ಇರಲಿಲ್ಲ. ನನ್ನ ಸಂಗ್ರಹದ ಅತಿ ಹೊಸ ವಸ್ತುಗಳಲ್ಲಿ ಅದೂ ಒಂದು, ನಾನು ಮೊದಲು ತೋರಿಸುವುದೂ ಅದನ್ನೇ.

ತುಳುನಾಡಿನ ದೈವಗಳ ಉರುಗಳ, ಅಂದರೆ ಮೂರ್ತಿಗಳ ವಿಷಯದಲ್ಲಿ ನನ್ನ ನಿಲುವು ಇನ್ನೂ ಕಟ್ಟುನಿಟ್ಟು. ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನಲ್ಲಿ ಮರದ ಆಳೆತ್ತರದ ಉರುಗಳ ಸಾಲನ್ನು ಕಂಡವರಿಗೆ ಅವು ಪೂಜೆಗೆ ನಿಂತಿವೆ, ಪ್ರದರ್ಶನಕ್ಕಲ್ಲ ಎಂದು ಬೇರೆ ಹೇಳಬೇಕಿಲ್ಲ. ಅಲ್ಲಿನ ಹಳೆಯ ಉರುಗಳು ದೆಹಲಿಯ ರಾಷ್ಟ್ರೀಯ ಕರಕುಶಲ ವಸ್ತುಸಂಗ್ರಹಾಲಯದಲ್ಲಿವೆ. ಎಲ್ಲರೂ ನೋಡಬಹುದಾದ, ದಾಖಲೆಯಿರುವ ಜಾಗದಲ್ಲಿ ಅವು ಇರುವುದನ್ನು ನಾನು ಒಪ್ಪುತ್ತೇನೆ. ಅಂಥದ್ದೊಂದು ಯಾರದ್ದೋ ಡ್ರಾಯಿಂಗ್ ರೂಮಿನ ಸೋಫಾದ ಪಕ್ಕ ನಿಂತಿದ್ದರೆ ಅದು ಹೇಗೆ ಅಲ್ಲಿಗೆ ಬಂತು ಎಂದು ಕೇಳಲೇಬೇಕು. ದೈವದ ಮೊಗ, ಗುಡಿಯ ಗಂಟೆ, ಉತ್ಸವಮೂರ್ತಿ ಇಂಥವನ್ನು ಯಾರು ತಂದು ತೋರಿಸಿದರೂ ನಾನು ಬೆಲೆ ಕೇಳುವುದಿಲ್ಲ. ಕದ್ದ ಮಾಲಿಗೆ ಕೊಳ್ಳುವವರು ಇಲ್ಲದಿದ್ದರೆ ಕದಿಯುವವರೂ ಇರುವುದಿಲ್ಲ.

ಕಾನೂನನ್ನು ಎಲ್ಲ ಸಂಗ್ರಾಹಕರೂ ತಿಳಿದಿರಬೇಕು. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆ 1976ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ನೂರು ವರ್ಷ ದಾಟಿದ ಶಿಲ್ಪ, ಚಿತ್ರ, ಕುಶಲವಸ್ತುಗಳು, ಎಪ್ಪತ್ತೈದು ವರ್ಷ ದಾಟಿದ ಮಹತ್ವದ ಹಸ್ತಪ್ರತಿಗಳು ಇದರ ವ್ಯಾಪ್ತಿಗೆ ಬರುತ್ತವೆ. ಕಲ್ಲು, ಲೋಹ, ದಂತ, ಸುಟ್ಟ ಮಣ್ಣಿನ ಶಿಲ್ಪಗಳು, ಹಳೆಯ ಚಿತ್ರಗಳು ಮೊದಲಾದವನ್ನು ಇಟ್ಟುಕೊಂಡವರು ಪುರಾತತ್ವ ಇಲಾಖೆಯ ನೋಂದಣಾಧಿಕಾರಿಯಲ್ಲಿ ನೋಂದಾಯಿಸಬೇಕು. ಪ್ರಾಚ್ಯವಸ್ತುಗಳ ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ಖಾಸಗಿಯವರು ಅವನ್ನು ದೇಶದಾಚೆ ಒಯ್ಯುವಂತಿಲ್ಲ. ಅಮೆರಿಕದ ನೆಂಟರು ಹಳೆಯ ವಿಗ್ರಹವನ್ನು ಸೂಟ್‌ಕೇಸಿನಲ್ಲಿ ಒಯ್ಯಲು ಕೇಳಿದರೆ ಖಡಾಖಂಡಿತ ಬೇಡವೆನ್ನಿ. ದಂತದ ವ್ಯಾಪಾರವಂತೂ ವನ್ಯಜೀವಿ ಕಾಯ್ದೆಯಡಿ ಪೂರ್ತಿ ನಿಷಿದ್ಧ.

ಮನೆಗೆ ತಂದ ಮೇಲಿನ ಆರೈಕೆಯನ್ನೂ ಬಳಕೆಯೇ ಹೇಳಿಕೊಡುತ್ತದೆ. ಹಳೆಯದನ್ನು ತೊಳೆಯಲೇಬಾರದು ಎಂದು ವಾದಿಸುವವರಿದ್ದಾರೆ. ದೇವರ ಮನೆಯ ಹಿತ್ತಾಳೆ ದೀಪವನ್ನು ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿದ ಕೈಗಳಿಂದಲೇ ಅದರ ಕೆತ್ತನೆ ಅಷ್ಟು ಮೆದುವಾಗಿರುವುದು. ಅದನ್ನು ಮೆಲ್ಲಗೆ ತೊಳೆದು, ಹಸಿ ಉಳಿಯದಂತೆ ಒರೆಸಿ ಇಡುತ್ತೇನೆ. ಬಿದರಿ ಹೂಜಿಯನ್ನು ಮಾತ್ರ ಹುಳಿಯ ಹತ್ತಿರಕ್ಕೂ ಒಯ್ಯುವುದಿಲ್ಲ. ಅದರ ಕಪ್ಪೇ ಅದರ ಜೀವ, ಬೀದರ್ ಕೋಟೆಯ ಮಣ್ಣಿನಿಂದ ಬರಿಸಿದ್ದು. ಬಣ್ಣದ ಗೊಂಬೆಗಳಿಗೆ ಒಣ ಕುಂಚ ಸಾಕು, ನೀರು, ಎಣ್ಣೆ, ವಾರ್ನಿಷ್ ಯಾವುದೂ ಬೇಡ. ಮರದ ಸಾಮಾನು ಬಂದರೆ ಕೆಳಗೆ ಬಿಳಿ ಕಾಗದ ಹಾಸಿ ಕೆಲವು ವಾರ ಬೇರೆ ಕೋಣೆಯಲ್ಲಿ ಇಡುತ್ತೇನೆ. ಕಾಗದದ ಮೇಲೆ ಹಿಟ್ಟಿನಂಥ ಪುಡಿ ಉದುರಿದರೆ ಒಳಗೆ ಹುಳು ಇದೆ ಎಂದೇ ಅರ್ಥ. ಆಗ ತೂತಿಗೆ ಸಿರಿಂಜಿನಲ್ಲಿ ಮರದ ಹುಳುವಿನ ಔಷಧಿ ಹಾಕುವುದು. ನಮ್ಮ ಮಳೆಗಾಲದಲ್ಲಿ ಬೂಷ್ಟು ಹಿಡಿದರೆ ನೆರಳಲ್ಲಿ ಗಾಳಿಗೆ ಇಡಬೇಕು, ಬಿಸಿಲಿಗಿಟ್ಟರೆ ಮರ ಸೀಳುತ್ತದೆ.

ಇತ್ತೀಚೆಗೆ ನನ್ನ ಹಣ ಹೆಚ್ಚಾಗಿ ಹೋಗುವುದು ಹಳೆಯದಕ್ಕಲ್ಲ, ಈಗಲೂ ಮಾಡುತ್ತಿರುವವರಿಗೆ. ಚನ್ನಪಟ್ಟಣದಲ್ಲಿ ತಿರುಗುವ ಆಲೆ ಮರಕ್ಕೆ ಅರಗಿನ ಕಡ್ಡಿ ಒತ್ತಿದ ಕ್ಷಣ ಬಣ್ಣ ಕರಗಿ ಸುತ್ತಿಕೊಳ್ಳುವುದನ್ನು, ಗರಿ ಹಿಡಿದು ಉಜ್ಜಿದಾಗ ಹೊಳಪು ಏರುವುದನ್ನು ನೋಡಿ ಬಂದವರು ಅಲ್ಲಿ ಚೌಕಾಸಿ ಮಾಡಲಾರರು. ಕಿನ್ನಾಳದಲ್ಲಿ ಒಂದು ಗರುಡನನ್ನು ಮಾಡಲು ಹೇಳಿ ಮುಂಗಡ ಕೊಟ್ಟು ಬಂದಿದ್ದೇನೆ, ಹಳೆಯ ಪದ್ಧತಿಯಲ್ಲೇ, ಕಿಟ್ಟ ಮೆತ್ತಿ, ಬಟ್ಟೆ ಅಂಟಿಸಿ. ಪೀಠದ ತಳದಲ್ಲಿ ಮಾಡಿದವರ ಹೆಸರು, ಊರು, ಇಸವಿ ಅವರ ಕೈಯಲ್ಲೇ ಬರೆಸಿಕೊಳ್ಳಬೇಕು. ನನ್ನಲ್ಲಿರುವ ಹಳೆಯ ಗೊಂಬೆಗಳ ತಳವನ್ನೆಲ್ಲ ತಿರುವಿ ನೋಡಿದ್ದೇನೆ. ಮಾಡಿದವರ ಹೆಸರು ಒಂದರಲ್ಲೂ ಇಲ್ಲ.