ಮಾರಿದ ಸಿಗಾರು ಮರಳಿ ಬಂದಾಗ: ವರ್ತಕನ ಹೊಣೆ ಮತ್ತು ಹಕ್ಕು

ಮಾರಿದ ಸರಕಿನಲ್ಲಿ ದೋಷವಿದೆಯೆಂದು ಗ್ರಾಹಕನು ಅದನ್ನು ಅಂಗಡಿಗೆ ಹಿಂದಕ್ಕೆ ತಂದಾಗ ಅನೇಕ ವರ್ತಕರು ನೀಡುವ ಉತ್ತರ ಒಂದೇ: “ಇದು ನಮ್ಮ ತಯಾರಿಕೆಯಲ್ಲ, ಕಂಪನಿಯನ್ನೇ ಕೇಳಿ.” ಈ ಉತ್ತರವು ಕಾನೂನಿನ ಮುಂದೆ ನಿಲ್ಲುವುದಿಲ್ಲ. ಮಾರಾಟದ ಕರಾರು ಏರ್ಪಟ್ಟಿರುವುದು ಗ್ರಾಹಕ ಮತ್ತು ಅಂಗಡಿಯವನ ನಡುವೆ; ಆದ್ದರಿಂದ ಮೊದಲ ಹೊಣೆಯೂ ಅಂಗಡಿಯವನದೇ. ಆದರೆ ಆ ನಷ್ಟವನ್ನು ಸರಬರಾಜುದಾರನಿಂದ ವಸೂಲು ಮಾಡಿಕೊಳ್ಳುವ ಹಕ್ಕು ಅವನಿಗೂ ಇದೆ. ಸಕಾಲದಲ್ಲಿ ಎಚ್ಚರ ವಹಿಸದಿದ್ದರೆ ಹೊಣೆ ಮಾತ್ರ ಉಳಿದು ಹಕ್ಕು ಕೈತಪ್ಪುತ್ತದೆ. ಇದನ್ನು ತಿಳಿಯಲು ಸಿಗಾರಿನ ವ್ಯಾಪಾರವು ಉತ್ತಮ ಉದಾಹರಣೆ.

ದೋಷ ಹುಟ್ಟುವುದೆಲ್ಲಿ?

ಸಿಗಾರಿನ ದೋಷಗಳು ಮುಖ್ಯವಾಗಿ ನಾಲ್ಕು ಬಗೆಯವು. ಮೊದಲನೆಯದು ಬಿಗಿ ಸುತ್ತು. ಒಳಗಿನ ಎಲೆಗಳನ್ನು ಅತಿಯಾಗಿ ಒತ್ತಿ ಸುತ್ತಿದರೆ ಹೊಗೆ ಹಾದುಬರುವುದಿಲ್ಲ. ಇದು ಬಹುಮಟ್ಟಿಗೆ ಕಾರ್ಖಾನೆಯ ದೋಷವಾದರೂ, ಹೆಚ್ಚು ತೇವದಲ್ಲಿಟ್ಟ ಸಿಗಾರು ಉಬ್ಬಿಯೂ ಹೀಗಾಗಬಹುದು. ಎರಡನೆಯದು ಹೊರ ಎಲೆಯ ಸೀಳು. ಒಣ ಹವೆ ಹಾಗೂ ಒರಟು ಸಾಗಣೆ ಇದಕ್ಕೆ ಕಾರಣ. ಮೂರನೆಯದು ಬೂಷ್ಟು, ಇದು ಅತಿಯಾದ ತೇವದ ಫಲ.

ನಾಲ್ಕನೆಯದು, ಅತ್ಯಂತ ಹಾನಿಕರವಾದುದು, ತಂಬಾಕಿನ ಹುಳು. ‘ಲಾಸಿಯೋಡರ್ಮಾ ಸೆರಿಕಾರ್ನೆ’ ಎಂಬ ಈ ಕಿರಿದಾದ ಕೀಟದ ಮೊಟ್ಟೆಗಳು ಎಲೆಯಲ್ಲಿದ್ದರೂ ಬರಿಗಣ್ಣಿಗೆ ಸುಲಭವಾಗಿ ಗೋಚರಿಸವು. ಉಷ್ಣತೆ ಏರಿದಾಗ ಮರಿಗಳು ಹೊರಬಂದು ಎಲೆಯನ್ನು ಕೊರೆಯುತ್ತವೆ. ಸೂಜಿಮೊನೆಯಷ್ಟು ದುಂಡನೆಯ ತೂತುಗಳೂ ತಂಬಾಕಿನ ಪುಡಿಯೂ ಇದರ ಗುರುತು. ಈ ಕಾರಣದಿಂದಲೇ ಅನೇಕ ತಯಾರಕರು ರವಾನೆಗೆ ಮುನ್ನ ಸಿಗಾರುಗಳನ್ನು ಘನೀಕರಣಕ್ಕೆ ಒಳಪಡಿಸುತ್ತಾರೆ. ಅಂಗಡಿಯಲ್ಲಿ ಸುಮಾರು 65ರಿಂದ 70 ಪ್ರತಿಶತ ಸಾಪೇಕ್ಷ ಆರ್ದ್ರತೆ ಹಾಗೂ ಸುಮಾರು 18ರಿಂದ 21 ಡಿಗ್ರಿ ಸೆಲ್ಸಿಯಸ್ ಉಷ್ಣತೆಯನ್ನು ಕಾಯ್ದುಕೊಳ್ಳುವುದು ರೂಢಿ. ಕಲಬುರಗಿಯ ಬೇಸಿಗೆಯಲ್ಲಾಗಲಿ ಮಂಗಳೂರಿನ ಮಳೆಗಾಲದಲ್ಲಾಗಲಿ ತೆರೆದ ಕಪಾಟಿನಲ್ಲಿ ಇದು ಸಾಧ್ಯವಿಲ್ಲ. ಅಂದರೆ ಮೊಟ್ಟೆ ಬಂದದ್ದು ತಯಾರಕನಿಂದಲೇ ಆದರೂ ಅದು ಮರಿಯಾದದ್ದು ಅಂಗಡಿಯ ಸೆಕೆಯಲ್ಲಿ ಎಂಬ ವಾದಕ್ಕೆ ಅವಕಾಶವಾಗುತ್ತದೆ.

ಗ್ರಾಹಕನೆದುರು ವರ್ತಕನ ಹೊಣೆ

1930ರ ಸರಕು ಮಾರಾಟ ಅಧಿನಿಯಮದ 16ನೇ ಕಲಮಿನ ಪ್ರಕಾರ, ಅಂತಹ ಸರಕಿನ ವ್ಯಾಪಾರ ಮಾಡುವವನಿಂದ ವಿವರಣೆಯ ಮೇರೆಗೆ ಕೊಂಡ ಸರಕು ಮಾರಾಟಯೋಗ್ಯ ಗುಣಮಟ್ಟದ್ದಾಗಿರಬೇಕೆಂಬ ಷರತ್ತು ಕರಾರಿನಲ್ಲಿ ತಾನಾಗಿಯೇ ಅಡಕವಾಗಿರುತ್ತದೆ. ಖರೀದಿದಾರನು ಸರಕನ್ನು ಪರೀಕ್ಷಿಸಿದ್ದಲ್ಲಿ, ಆ ಪರೀಕ್ಷೆಯಿಂದ ಕಾಣಬೇಕಾಗಿದ್ದ ದೋಷಗಳಿಗೆ ಮಾತ್ರ ಈ ರಕ್ಷಣೆ ಇಲ್ಲ. ಪೆಟ್ಟಿಗೆ ತೆರೆದು ನೋಡಿ ಕೊಂಡವನು ಎದುರಿಗೇ ಇದ್ದ ಸೀಳಿನ ಬಗ್ಗೆ ಆಮೇಲೆ ತಕರಾರು ಎತ್ತುವುದು ಕಷ್ಟ. ಆದರೆ ಬಿಗಿ ಸುತ್ತು ಹಚ್ಚಿ ಸೇದಿದಾಗಲೇ ತಿಳಿಯುವಂಥದು. ಅರ್ಧ ಸುಟ್ಟ ಸಿಗಾರನ್ನು ತಂದನೆಂಬ ಕಾರಣಕ್ಕೆ ಅವನನ್ನು ಹಿಂದೆ ಕಳುಹಿಸುವುದು ನ್ಯಾಯವಲ್ಲ.

“ದೋಷ ನನಗೂ ತಿಳಿದಿರಲಿಲ್ಲ” ಎಂಬ ಸಮರ್ಥನೆಯೂ ಸಲ್ಲದು. ವಾಣಿಜ್ಯ ಕಾನೂನಿನ ವಿದ್ಯಾರ್ಥಿಗಳಿಗೆ ಪರಿಚಿತವಾದ ಗ್ರಾಂಟ್ ವಿರುದ್ಧ ಆಸ್ಟ್ರೇಲಿಯನ್ ನಿಟಿಂಗ್ ಮಿಲ್ಸ್ ಪ್ರಕರಣದಲ್ಲಿ, ಉಣ್ಣೆಯ ಒಳಉಡುಪಿನಲ್ಲಿ ಉಳಿದಿದ್ದ ರಾಸಾಯನಿಕದಿಂದ ಕೊಂಡವನಿಗೆ ಚರ್ಮರೋಗ ಉಂಟಾಗಿತ್ತು. ದೋಷವು ಕಣ್ಣಿಗೆ ಕಾಣುವಂಥದಾಗಿರಲಿಲ್ಲ. ಆದರೂ ಪ್ರಿವಿ ಕೌನ್ಸಿಲ್ ತಯಾರಕನ ಜೊತೆಗೆ ಚಿಲ್ಲರೆ ಮಾರಾಟಗಾರನನ್ನೂ ಹೊಣೆಗಾರನನ್ನಾಗಿಸಿತು.

2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವು ಇನ್ನೂ ಸ್ಪಷ್ಟವಾಗಿದೆ. ದೋಷಯುಕ್ತ ಸರಕನ್ನು ಹಿಂಪಡೆದು, ಬಿಲ್ಲಿನಲ್ಲಿ ನಮೂದಿಸಿದ ಅವಧಿಯೊಳಗೆ, ಅವಧಿಯನ್ನು ನಮೂದಿಸದಿದ್ದಲ್ಲಿ 30 ದಿನಗಳೊಳಗೆ ಹಣ ಮರಳಿಸಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ ಎನಿಸುತ್ತದೆ. “ಮಾರಿದ ಮಾಲನ್ನು ವಾಪಸು ತೆಗೆದುಕೊಳ್ಳುವುದಿಲ್ಲ” ಎಂಬ ಮೊಹರು ದೋಷಯುಕ್ತ ಸರಕಿನ ಮಟ್ಟಿಗೆ ವರ್ತಕನನ್ನು ಕಾಪಾಡದು. ಆದರೆ ರುಚಿ ಹಿಡಿಸಲಿಲ್ಲ, ಮನಸ್ಸು ಬದಲಾಯಿತು ಎಂಬುದು ದೋಷವಲ್ಲ.

ವರ್ತಕನು ಎಲ್ಲವನ್ನೂ ಒಪ್ಪಿಕೊಳ್ಳಬೇಕೆಂದೂ ಇಲ್ಲ. ಕೊಂಡ ದಿನಾಂಕ, ಸರಕನ್ನು ಇಟ್ಟಿದ್ದ ಸ್ಥಳ, ಬಳಸಿದ ಸಂಖ್ಯೆ ಇವನ್ನು ಕೇಳುವುದು ಅವನ ಹಕ್ಕು. ಬಿಸಿಲಲ್ಲಿ ನಿಂತ ಕಾರಿನಲ್ಲಿ ತಿಂಗಳುಗಟ್ಟಲೆ ಇದ್ದ ಪೆಟ್ಟಿಗೆಯ ಸೀಳಿಗೆ ಅಂಗಡಿ ಹೊಣೆಯಲ್ಲ. 10,000 ರೂಪಾಯಿಗಳ 25 ಸಿಗಾರುಗಳ ಪೆಟ್ಟಿಗೆಯಲ್ಲಿ 21 ಚೆನ್ನಾಗಿದ್ದು ಅವನ್ನು ಸೇದಿ ಮುಗಿಸಿದ್ದರೆ, ಉಳಿದ 4ಕ್ಕೆ 1,600 ರೂಪಾಯಿ ಕೊಡುವುದು ಅಥವಾ ಬದಲಿ ನೀಡುವುದು ನ್ಯಾಯೋಚಿತ ಇತ್ಯರ್ಥ.

ಸರಬರಾಜುದಾರನೆದುರು ವರ್ತಕನ ಹಕ್ಕು

ಮರುಮಾರಾಟಕ್ಕಾಗಿ ಕೊಳ್ಳುವ ವರ್ತಕನು ಗ್ರಾಹಕ ಸಂರಕ್ಷಣಾ ಅಧಿನಿಯಮದಡಿ ಗ್ರಾಹಕನಲ್ಲ. ಅವನಿಗೆ ಆಸರೆ ಸರಕು ಮಾರಾಟ ಅಧಿನಿಯಮ ಮತ್ತು ಖರೀದಿ ಕರಾರು. 41ನೇ ಕಲಮು ಸರಕನ್ನು ಪರೀಕ್ಷಿಸುವ ಅವಕಾಶ ನೀಡುತ್ತದೆ. 42ನೇ ಕಲಮಿನ ಪ್ರಕಾರ, ನಿರಾಕರಣೆಯನ್ನು ತಿಳಿಸದೆ ಯುಕ್ತ ಕಾಲ ಮೀರಿ ಸರಕನ್ನು ಇಟ್ಟುಕೊಂಡರೆ ಅದನ್ನು ಒಪ್ಪಿಕೊಂಡಂತೆಯೇ. ಒಪ್ಪಿಕೊಂಡ ಬಳಿಕ, ಕರಾರಿನಲ್ಲಿ ಬೇರೆ ಷರತ್ತು ಇಲ್ಲದಿದ್ದರೆ, ಸರಕನ್ನು ತಿರಸ್ಕರಿಸುವಂತಿಲ್ಲ, ಪರಿಹಾರವನ್ನಷ್ಟೇ ಕೇಳಬಹುದು. ಸಕಾಲದಲ್ಲಿ ತಿರಸ್ಕರಿಸಿದವನು, 43ನೇ ಕಲಮಿನ ಪ್ರಕಾರ, ಸರಕನ್ನು ತಾನೇ ಹೊತ್ತು ಮರಳಿಸಬೇಕಾಗಿಯೂ ಇಲ್ಲ. ತಿರಸ್ಕರಿಸಿದ ವಿಷಯವನ್ನು ತಿಳಿಸಿದರೆ ಸಾಕು. ಇಂತಹ ಹಕ್ಕುಗಳನ್ನು ಕರಾರಿನ ಮೂಲಕ ಮೊಟಕುಗೊಳಿಸಲು 62ನೇ ಕಲಮಿನಲ್ಲಿ ಅವಕಾಶವಿರುವುದರಿಂದ ಸರಬರಾಜುದಾರನ ಷರತ್ತುಗಳನ್ನು ಓದದೆ ಸಹಿ ಮಾಡಬಾರದು.

ತೆರಿಗೆಯ ಲೆಕ್ಕ

ಸರಕು ಮರಳಿದಾಗ ಜಿ.ಎಸ್‌.ಟಿ. ಕಾಯ್ದೆಯ 34ನೇ ಕಲಮಿನಡಿ ಸರಬರಾಜುದಾರನು ಕ್ರೆಡಿಟ್ ನೋಟ್ ನೀಡಬಹುದು. ಅದರ ಆಧಾರದ ಮೇಲೆ ತೆರಿಗೆ ಇಳಿಸಿಕೊಳ್ಳಬೇಕಾದರೆ, ಸರಬರಾಜು ನಡೆದ ಹಣಕಾಸು ವರ್ಷ ಮುಗಿದ ನಂತರದ ನವೆಂಬರ್ 30 ಅಥವಾ ವಾರ್ಷಿಕ ವಿವರಪಟ್ಟಿ ಸಲ್ಲಿಸಿದ ದಿನ, ಇವೆರಡರಲ್ಲಿ ಮೊದಲು ಬರುವುದರೊಳಗೆ ಅದನ್ನು ಘೋಷಿಸಬೇಕು. ವರ್ತಕನೂ ತಾನು ಪಡೆದ ಇನ್‌ಪುಟ್ ತೆರಿಗೆ ಕ್ರೆಡಿಟ್ಟನ್ನು ಅಷ್ಟರ ಮಟ್ಟಿಗೆ ಹಿಂತಿರುಗಿಸಬೇಕು. ಬದಲಿಗೆ ಹುಳು ಹಿಡಿದ ಸರಕನ್ನು ತಾನೇ ನಾಶಮಾಡಿದರೆ, 17(5)ನೇ ಕಲಮಿನಂತೆ ಅದರ ಮೇಲಿನ ಕ್ರೆಡಿಟ್ ದೊರೆಯದು. ಆಗ ಸರಕಿನ ಬೆಲೆಯೂ ತೆರಿಗೆಯೂ ಅವನಿಗೇ ನಷ್ಟ.

ಅನುಸರಿಸಬೇಕಾದ ಕ್ರಮ

1. ಸರಕು ಬಂದ ದಿನವೇ ಪ್ರತಿ ಕಂತಿನಿಂದ ಕೆಲವು ಪೆಟ್ಟಿಗೆಗಳನ್ನು ತೆರೆದು ತೂತು, ಬೂಷ್ಟು, ಸೀಳುಗಳನ್ನು ನೋಡಿ ದಾಖಲಿಸುವುದು.

2. ಸಂಗ್ರಹದ ಉಷ್ಣತೆ ಮತ್ತು ಆರ್ದ್ರತೆಯನ್ನು ಪ್ರತಿದಿನ ಬರೆದಿಡುವುದು. ವಿವಾದ ಬಂದಾಗ ಇದೇ ಸಾಕ್ಷ್ಯ.

3. ಪ್ರತಿ ಮಾರಾಟಕ್ಕೂ ಬಿಲ್ಲು ನೀಡಿ, ಕಂತಿನ ಗುರುತನ್ನು ನಮೂದಿಸುವುದು.

4. ಮರಳಿ ಬಂದ ಪೆಟ್ಟಿಗೆಯನ್ನು ಗಾಳಿಯಾಡದ ಚೀಲದಲ್ಲಿ ಮುಚ್ಚಿ ಬೇರೆಡೆ ಇಡುವುದು. ಕಪಾಟಿಗೆ ಸೇರಿಸಿದರೆ ಹುಳು ಉಳಿದ ಸರಕಿಗೂ ಹಬ್ಬುತ್ತದೆ.

5. ಛಾಯಾಚಿತ್ರ ಸಹಿತ ಲಿಖಿತ ದೂರನ್ನು ಸರಬರಾಜುದಾರನಿಗೆ ತಡಮಾಡದೆ ಕಳುಹಿಸುವುದು.

ಗ್ರಾಹಕನಿಗೆ 1,600 ರೂಪಾಯಿ ಮರಳಿಸಿದ ವರ್ತಕನ ಬಳಿ ಈ ದಾಖಲೆಗಳಿದ್ದರೆ ಆ ಹಣ ಸರಬರಾಜುದಾರನಿಂದ ಬರುವ ಬಾಕಿಯಾಗುತ್ತದೆ. ಇಲ್ಲದಿದ್ದರೆ ಅದು ಅವನ ಲಾಭದಿಂದಲೇ ಹೋದ ಹಣ.