ಜಟಾಯುವಿನ ವೇಷವೂ ರಣಹದ್ದಿನ ಚಿತ್ರವೂ

ಕಳೆದ ವರ್ಷದ ನಮ್ಮ ಸ್ನೇಹಸಮ್ಮೇಳನದಲ್ಲಿ ಸಹಪಾಠಿಯೊಬ್ಬನು ಜಟಾಯುವಿನ ನೃತ್ಯವನ್ನು ಮಾಡಿದನು. ನಾನು ಪಕ್ಕದಲ್ಲಿ ಕುಳಿತು ತಾಳ ಹಾಕುತ್ತಿದ್ದೆ. ರಾವಣನ ಖಡ್ಗಕ್ಕೆ ರೆಕ್ಕೆ ಕಡಿದು ಪಕ್ಷಿಯು ನೆಲಕ್ಕೊರಗಿದಾಗ ಸಭಾಗೃಹವು ಚಪ್ಪಾಳೆಯಿಂದ ತುಂಬಿತು. ಖಾನಾಪುರ ತಾಲೂಕಿನ ನಮ್ಮ ಹಳ್ಳಿಯಿಂದ ಬೆಳಗಾವಿಗೆ ಬಂದಿದ್ದ ಅಜ್ಜ ಮಾತ್ರ ಹೊರಗೆ ಬಂದ ಮೇಲೆ, "ಕುಣತ ಚಲೋ ಆತು ತಮ್ಮಾ. ಆದ್ರ ಆ ಹಕ್ಕಿ ಈಗ ಎಲ್ಲೈತಿ?" ಎಂದು ಕೇಳಿದರು. ನಾನು ನಿರುತ್ತರನಾದೆ. ಆಮೇಲೆ ಓದಿ ತಿಳಿದುದನ್ನು ಇಲ್ಲಿ ಬರೆದಿರುವೆನು.

ಅಜ್ಜನ ಹರೆಯದಲ್ಲಿ ಊರ ಹೊರಗೆ ದನ ಸತ್ತರೆ ರಣಹದ್ದುಗಳು ಇಳಿದು ಕೆಲವೇ ತಾಸುಗಳಲ್ಲಿ ಎಲುಬನ್ನಷ್ಟೇ ಉಳಿಸುತ್ತಿದ್ದವಂತೆ. ಈಗ ಅಲ್ಲಿ ನಾಯಿಗಳ ಹಿಂಡು. ೧೯೯೨ರಿಂದ ೨೦೦೭ರೊಳಗೆ ಭಾರತದಲ್ಲಿ ಬಿಳಿಬೆನ್ನಿನ ರಣಹದ್ದುಗಳು ಶೇಕಡಾ ೯೯.೯ರಷ್ಟು ಕುಗ್ಗಿದವು. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನ್ಯಾಕ್ ಎಂಬ ಔಷಧವೇ ಕಾರಣವೆಂದು ೨೦೦೪ರಲ್ಲಿ ಗೊತ್ತಾಯಿತು. ಮದ್ದು ಪಡೆದು ಬೇಗನೆ ಸತ್ತ ದನದ ಮಾಂಸವನ್ನು ತಿಂದ ಹದ್ದಿನ ಮೂತ್ರಪಿಂಡಗಳು ಕೆಟ್ಟು ಅದು ಸಾಯುತ್ತದೆ. ನೂರು ಕಳೇಬರಗಳಲ್ಲಿ ಒಂದು ವಿಷವಾದರೂ ಸಾಕು. ವರ್ಷಕ್ಕೆ ಒಂದೇ ತತ್ತಿಯಿಡುವ ಈ ಪಕ್ಷಿಯ ಕುಲವು ಚೇತರಿಸಿಕೊಳ್ಳಲಾರದು. ೨೦೦೬ರಲ್ಲಿ ಪಶುಗಳಿಗೆ ಈ ಔಷಧವನ್ನು ನಿಷೇಧಿಸಲಾಯಿತು. ಬದಲಿಗೆ ಮೆಲಾಕ್ಸಿಕ್ಯಾಮ್ ಎಂಬ ನಿರಪಾಯದ ಮದ್ದು ಉಂಟು.

ಇದನ್ನು ಹೇಳಿದಾಗ ಅಜ್ಜ ಬಹಳ ಹೊತ್ತು ಸುಮ್ಮನಿದ್ದು, ನಮ್ಮ ಎತ್ತು ಕುಂಟಿದಾಗಲೂ ಆ ಸೂಜಿಯನ್ನೇ ಹಾಕಿಸಿದ್ದುದನ್ನು ನೆನೆದರು. ಕೇಡು ಮಾಡುವ ಮನಸ್ಸು ಯಾರಿಗೂ ಇರಲಿಲ್ಲ, ತಿಳಿವಳಿಕೆ ಇರಲಿಲ್ಲ. ಹಾಗಾದರೆ ತಿಳಿವಳಿಕೆಯು ಹಳ್ಳಿಗೆ ಮುಟ್ಟುವ ಬಗೆ ಯಾವುದು? ನೃತ್ಯ ಮತ್ತು ಚಲಚ್ಚಿತ್ರಗಳ ಪ್ರಯೋಜನವು ಇಲ್ಲಿಯೇ ಇದೆ.

ನೃತ್ಯಕ್ಕೆ ಪಕ್ಷಿಯು ಹೊಸದಲ್ಲ. ಅರ್ಧಚಂದ್ರದ ಎರಡು ಕೈಗಳ ಹೆಬ್ಬೆರಳುಗಳನ್ನು ಹೆಣೆದರೆ ಅಭಿನಯದರ್ಪಣವು ಹೇಳುವ ಗರುಡಹಸ್ತವಾಗುತ್ತದೆ. ನಮ್ಮ ದೊಡ್ಡಾಟದ ಭುಜಕೀರ್ತಿಗಳನ್ನು ಕಂಡಾಗಲೂ ನನಗೆ ರೆಕ್ಕೆಗಳೇ ನೆನಪಾಗುತ್ತವೆ. ನೃತ್ಯವು ನೋಡುವವರಲ್ಲಿ ಕರುಣೆಯನ್ನು ಹುಟ್ಟಿಸಬಲ್ಲುದು. ಆದರೆ ರಂಗದ ಜಟಾಯುವಿಗೆ ಕೈ ಮುಗಿಯುವ ನಾವೇ, ಅದೇ ಕುಲದ ಹಕ್ಕಿಯು ಮಾಳಿಗೆಯ ಮೇಲೆ ಕುಳಿತರೆ ಅಪಶಕುನವೆನ್ನುತ್ತೇವೆ! ಕರುಣೆಯು ಪುರಾಣದಲ್ಲಿಯೇ ನಿಂತುಬಿಡುತ್ತದೆ.

ಚಲಚ್ಚಿತ್ರವು ನಿಜವಾದ ಹಕ್ಕಿಯನ್ನು ಕಣ್ಣಮುಂದೆ ತರುತ್ತದೆ. ಶೌನಕ್ ಸೇನರ 'ಆಲ್ ದಟ್ ಬ್ರೀದ್ಸ್' (೨೦೨೨) ಎಂಬ ಸಾಕ್ಷ್ಯಚಿತ್ರದಲ್ಲಿ ದಿಲ್ಲಿಯ ಇಬ್ಬರು ಸಹೋದರರು ಗಾಯಗೊಂಡ ಹದ್ದುಗಳನ್ನು ತಮ್ಮ ನೆಲಮಾಳಿಗೆಯಲ್ಲಿ ಆರೈಕೆ ಮಾಡುತ್ತಾರೆ. ಅದು ಕಾನ್ ಚಿತ್ರೋತ್ಸವದಲ್ಲಿಯೂ ಪ್ರಶಸ್ತಿ ಪಡೆಯಿತು. ಆದರೆ ಕ್ಯಾಮರಾ ಎತ್ತ ತಿರುಗುತ್ತದೆ ಎಂಬುದು ಮುಖ್ಯ. ರಾಮನಗರದ ರಾಮದೇವರ ಬೆಟ್ಟವನ್ನು ೧೯೭೫ರ 'ಶೋಲೆ' ಚಿತ್ರವು ದೇಶಕ್ಕೆಲ್ಲ ತೋರಿಸಿತು. ಜನರು ನೆನಪಿನಲ್ಲಿಟ್ಟದ್ದು ಬಂಡೆಗಳನ್ನೂ ಗಬ್ಬರ್ ಸಿಂಗನನ್ನೂ. ಅಲ್ಲಿ ಗೂಡು ಕಟ್ಟುವ ಉದ್ದ ಕೊಕ್ಕಿನ ರಣಹದ್ದುಗಳನ್ನಲ್ಲ. ಆ ಬೆಟ್ಟವು ರಣಹದ್ದುಗಳ ಧಾಮವಾದುದು ೨೦೧೨ರಲ್ಲಿ.

ಆದ್ದರಿಂದ ಇವೆರಡೂ ಜೊತೆಗೂಡಬೇಕೆಂಬುದು ನನ್ನ ಅಭಿಪ್ರಾಯ. ನೃತ್ಯವು ಮನಸ್ಸನ್ನು ಸಿದ್ಧಗೊಳಿಸಲಿ, ಚಿತ್ರವು ಸಂಗತಿಯನ್ನು ತಿಳಿಸಲಿ. ಖಾನಾಪುರದ ಹಳ್ಳಿಗಳಿಗೆ ಇದು ವಿಶೇಷವಾಗಿ ಒಪ್ಪುತ್ತದೆ. ಅಲ್ಲಿ ಒಂದು ಮನೆಯಲ್ಲಿ ಕನ್ನಡವಾದರೆ ಪಕ್ಕದ ಮನೆಯಲ್ಲಿ ಮರಾಠಿ. ಭಾಷಣವು ಅರ್ಧ ಜನರಿಗೆ ಮುಟ್ಟೀತು. ಕುಣಿತ ಮತ್ತು ಚಿತ್ರಗಳು ಎಲ್ಲರಿಗೂ ಮುಟ್ಟುವವು. ೨೦೧೧ರಲ್ಲಿ ವನ್ಯಜೀವಿಧಾಮವಾದ ಭೀಮಗಡದ ಕಾಡು ಆ ತಾಲೂಕಿನಲ್ಲಿಯೇ ಇದೆ. ಅಂಚಿನ ಊರುಗಳ ಜಾತ್ರೆಯಲ್ಲಿ ಅರ್ಧ ತಾಸು ಜಟಾಯುವಿನ ಆಟ, ಅರ್ಧ ತಾಸು ರಣಹದ್ದಿನ ಚಿತ್ರ, ಕೊನೆಗೆ ಪಶುವೈದ್ಯರಿಂದ ಎರಡೂ ಭಾಷೆಗಳಲ್ಲಿ ಮದ್ದಿನ ಬಗೆಗೆ ನಾಲ್ಕು ಮಾತು: ಇಷ್ಟು ಸಾಕು.

ಪ್ರಾಧ್ಯಾಪಕರು ಮಾರ್ಗದರ್ಶನ ಮಾಡಿದರೆ ನಾವು ವಿದ್ಯಾರ್ಥಿಗಳು ಇದನ್ನು ಬರುವ ಬೇಸಗೆಯಲ್ಲಿಯೇ ಮಾಡಬಹುದು. ತಾಳ ಹಾಕಲು ನಾನು ಸಿದ್ಧನಿರುವೆನು. ಮುಂದಿನ ಸಾಲಿನಲ್ಲಿ ಅಜ್ಜ ಕುಳಿತಿರುತ್ತಾರೆ; ಅವರ ಪ್ರಶ್ನೆಗೆ ಈ ಸಲ ಉತ್ತರ ಕೊಡದೆ ವೇದಿಕೆಯಿಂದ ಇಳಿಯುವಂತಿಲ್ಲ.